ಕೋಳಿಗೆ ಅರಿಶಿನ ಹಾಕಿ, ತೂಕ ಮಾಡಿ ಹಾಕಿ

ಬ್ರಾಯ್ಲರ್ ಫೀಡಿಗೆ ಅರಿಶಿನ ಸೇರಿಸಿ, ನುಗ್ಗೆ ಸೊಪ್ಪು ಸೇರಿಸಿ, ತುಳಸಿ, ಬೆಳ್ಳುಳ್ಳಿ ಸೇರಿಸಿ ಅಂತ ಹೇಳುವ ವಿಡಿಯೊಗಳಿಗೆ ಈಗ ಬರವಿಲ್ಲ. ಸೇರಿಸಬಹುದು, ನನ್ನ ತಕರಾರು ಅದಕ್ಕಲ್ಲ. ‘ಒಂದು ಹಿಡಿ ಹಾಕಿ’ ಅಂತಾರಲ್ಲ, ತಕರಾರು ಅದಕ್ಕೆ. ಯಾರ ಹಿಡಿ? ಹಸಿಯೋ, ಒಣಗಿಸಿದ್ದೋ? ಎಷ್ಟು ಫೀಡಿಗೆ?

ನಾನು ಓದಿದ್ದು ತೋಟಗಾರಿಕೆ, ಪಶುವೈದ್ಯಕೀಯ ಅಲ್ಲ. ಹಾಗಾಗಿ ಗಿಡದ ಕಡೆಯಿಂದಲೇ ಮಾತಾಡ್ತೀನಿ. ನುಗ್ಗೆ ಸೊಪ್ಪಿನಲ್ಲಿ ಮುಕ್ಕಾಲು ಭಾಗ ನೀರು. ನಾಲ್ಕೈದು ಕೆಜಿ ಹಸಿ ಸೊಪ್ಪನ್ನು ನೆರಳಲ್ಲಿ ಒಣಗಿಸಿದರೆ ಸಿಗೋದು ಒಂದು ಕೆಜಿ ಪುಡಿ. ಹಸಿಯ ಲೆಕ್ಕ ನೋಡಿಕೊಂಡು ಒಣ ಪುಡಿ ಹಾಕಿದರೆ ನಾಲ್ಕೈದು ಪಟ್ಟು ಜಾಸ್ತಿ ಹೋಯ್ತು ಅಂತಲೇ ಅರ್ಥ. ಸೊಪ್ಪಿನ ಪುಡಿ ಹೆಚ್ಚಾದರೆ ಫೀಡಿನಲ್ಲಿ ನಾರು ಹೆಚ್ಚುತ್ತೆ, ಕೋಳಿ ತೂಕ ಬರಲ್ಲ. ಅರಿಶಿನದ ಕಥೆ ಬೇರೆ. ಅದರಲ್ಲಿ ನಮಗೆ ಬೇಕಾಗಿರೋದು ಕರ್ಕ್ಯುಮಿನ್. ಒಂದು ತಳಿಯಲ್ಲಿ ಅದು ಶೇ 2-3 ಇದ್ದರೆ, ಇನ್ನೊಂದರಲ್ಲಿ ಶೇ 5ಕ್ಕೂ ಮೇಲಿರುತ್ತೆ. ಹೆಸರು ಒಂದೇ ಅರಿಶಿನ, ಕೆಲಸ ಮಾತ್ರ ಒಂದೇ ಅಲ್ಲ.

ಇನ್ನು ಒಣಗಿಸೋದು. ಇದನ್ನು ಯಾರೂ ಹೇಳಲ್ಲ, ನನ್ನ ಪ್ರಕಾರ ಅರ್ಧ ಕೆಲಸ ಇರೋದೇ ಇಲ್ಲಿ. ಸರಿಯಾಗಿ ಒಣಗದ ಸೊಪ್ಪು ಚೀಲದೊಳಗೆ ಬೂಷ್ಟು ಹಿಡಿಯುತ್ತೆ. ಬೂಷ್ಟಿನಿಂದ ಬರುವ ಅಫ್ಲಾಟಾಕ್ಸಿನ್ ವಿಷ ಕೋಳಿಯ ಲಿವರ್ ಕೆಡಿಸುತ್ತೆ. ಲಿವರ್‌ಗೆ ಒಳ್ಳೇದು ಅಂತಲೇ ಕಿರುನೆಲ್ಲಿ ಹಾಕಿರ್ತೀರಿ! ಎಲೆ ಕೈಯಲ್ಲಿ ಹಿಸುಕಿದರೆ ಪುಡಿಪುಡಿ ಆಗಬೇಕು, ಮೆತ್ತಗೆ ಮಡಚಿಕೊಂಡರೆ ಇನ್ನೂ ಒಣಗಿಲ್ಲ.

ಹಾಗಿದ್ರೆ ಈ ಗೋಜು ಯಾಕೆ ಬೇಕು? ಆ್ಯಂಟಿಬಯೋಟಿಕ್ ಚಟ ಬಿಡಬೇಕಲ್ಲ, ಅದಕ್ಕೆ. ಬೆಳವಣಿಗೆಗಾಗಿ ಫೀಡಿನಲ್ಲಿ ಆ್ಯಂಟಿಬಯೋಟಿಕ್ ಹಾಕೋದನ್ನು ಯುರೋಪಿಯನ್ ಒಕ್ಕೂಟ 2006ರಲ್ಲೇ ಪೂರ್ತಿ ನಿಲ್ಲಿಸಿತು. ನಮ್ಮಲ್ಲಿ 2019ರ ಜುಲೈಯಲ್ಲಿ ಕೇಂದ್ರ ಸರ್ಕಾರ ಕೋಳಿ, ಜಾನುವಾರುಗಳಿಗೆ ಕೊಲಿಸ್ಟಿನ್ ಬಳಕೆ ನಿಷೇಧಿಸಿತು. ಬೇರೆ ಔಷಧ ಯಾವುದೂ ನಾಟದಾಗ ವೈದ್ಯರು ಮನುಷ್ಯರಿಗೆ ಕೊನೆಗೆ ಕೊಡುವ ಔಷಧ ಅದು. ಕೋಳಿಯ ಕರುಳು ಚೆನ್ನಾಗಿಡೋಕೆ ನಮಗೆ ಬೇರೆ ದಾರಿ ಬೇಕು. ಗಿಡಮೂಲಿಕೆ ಅಲ್ಲಿ ಉಪಯೋಗಕ್ಕೆ ಬರಬಹುದು. ಆದ್ರೆ ಕೊಕ್ಕರೆ ರೋಗಕ್ಕೂ ಗಂಬೊರೊಗೂ ಲಸಿಕೆಯೇ ಬೇಕು, ಅದರಲ್ಲಿ ಚರ್ಚೆ ಇಲ್ಲ. ಕೋಳಿ ಸಾಯೋಕೆ ಶುರುವಾದ ಮೇಲೆ ಕಷಾಯ ಕಾಯಿಸ್ತಾ ಕೂರಬೇಡಿ, ಪಶುವೈದ್ಯರಿಗೆ ಫೋನ್ ಮಾಡಿ.

ಈಗ ದುಡ್ಡಿನ ವಿಷಯ. ಎರಡು ಕೆಜಿ ತೂಗುವ ಕೋಳಿ 3.4 ಕೆಜಿ ಫೀಡ್ ತಿನ್ನುತ್ತೆ ಅಂತಿಟ್ಟುಕೊಳ್ಳಿ, ಅಂದ್ರೆ ಎಫ್‌ಸಿಆರ್ 1.7. ಟನ್ ಫೀಡಿಗೆ 5 ಕೆಜಿ ಅರಿಶಿನ ಪುಡಿ ಹಾಕಿದರೆ ಸಾವಿರ ಕೋಳಿಗೆ 17 ಕೆಜಿ ಬೇಕು. ಪುಡಿ ಕೆಜಿಗೆ 200 ರೂಪಾಯಿ ಅಂದ್ರೂ 3,400 ರೂಪಾಯಿ, ಕೋಳಿಗೆ 3 ರೂಪಾಯಿ 40 ಪೈಸೆ. ಎಫ್‌ಸಿಆರ್ 1.65ಕ್ಕೆ ಇಳಿದರೆ ಕೋಳಿಗೆ 100 ಗ್ರಾಂ ಫೀಡ್ ಉಳಿಯುತ್ತೆ. ಫೀಡ್ ಕೆಜಿಗೆ 40 ರೂಪಾಯಿ ಆದ್ರೆ 4 ರೂಪಾಯಿ. ಉಳಿದಿದ್ದು 60 ಪೈಸೆ! ಎಫ್‌ಸಿಆರ್ ಇಳಿಯದಿದ್ದರೆ ಪೂರ್ತಿ ನಷ್ಟ. ಅರಿಶಿನ ನಿಮ್ಮ ಹೊಲದ್ದೇ ಆಗಿದ್ದು, ಮಾರೋಕಾಗದ ಸಣ್ಣ ಚೂರುಗಳನ್ನ ಪುಡಿ ಮಾಡಿಸಿದ್ರೆ ಮಾತ್ರ ಲೆಕ್ಕ ನಿಮ್ಮ ಕಡೆ ವಾಲುತ್ತೆ.

ಅದಕ್ಕೇ ಮೊದಲು ಪರೀಕ್ಷೆ ಮಾಡಿ ನೋಡಿ ಅನ್ನೋದು. ಒಂದೇ ಶೆಡ್‌ನಲ್ಲಿ ಜಾಲರಿ ಅಡ್ಡ ಕಟ್ಟಿ, ಒಂದೇ ಹ್ಯಾಚರಿಯಿಂದ ಒಂದೇ ದಿನ ಬಂದ ನೂರು ಮರಿ ಈ ಕಡೆ, ನೂರು ಮರಿ ಆ ಕಡೆ ಬಿಡಿ. ಪುಡಿಯನ್ನು ಮೊದಲು ಐದಾರು ಕೆಜಿ ಫೀಡಿನಲ್ಲಿ ಚೆನ್ನಾಗಿ ಕಲಸಿ, ಆಮೇಲೆ ಉಳಿದ ಫೀಡಿಗೆ ಬೆರೆಸಿ. ಇಲ್ಲಾಂದ್ರೆ ಒಂದು ಕೋಳಿಗೆ ಪುಡಿಯೆಲ್ಲ, ಇನ್ನೊಂದಕ್ಕೆ ಏನೂ ಇಲ್ಲ. ನೀರಿನಲ್ಲಿ ಕೊಡೋಕೆ ಹೋಗಬೇಡಿ, ನಿಪ್ಪಲ್ ಕಟ್ಟಿಕೊಳ್ಳುತ್ತೆ. ಎರಡೂ ಕಡೆ ತಿಂದ ಫೀಡ್, ವಾರದ ತೂಕ, ಸತ್ತ ಕೋಳಿ ಲೆಕ್ಕ ಮೊಬೈಲ್‌ನಲ್ಲಿ ಬರೆದಿಡಿ. ಒಂದು ಬ್ಯಾಚ್ ನೋಡಿ ತೀರ್ಮಾನ ಮಾಡೋದಲ್ಲ, ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ನೋಡಿ.

ಕಂಪನಿ ಒಪ್ಪಂದದಲ್ಲಿ ಸಾಕುವವರಿಗೆ ಮರಿಯೂ ಫೀಡೂ ಕಂಪನಿಯದ್ದು. ಸೂಪರ್‌ವೈಸರ್‌ಗೆ ಹೇಳದೆ ಏನನ್ನೂ ಬೆರೆಸಬೇಡಿ, ತೂಕ ಬರದಿದ್ರೆ ಸಾಕಣೆ ದುಡ್ಡಿಗೇ ಕತ್ತರಿ ಬೀಳುತ್ತೆ.

ಸಾವಯವ ಬೆಳೆಗಾರನಾಗಿ ನನಗೆ ಸಿಟ್ಟು ಬರೋದು ಬೋರ್ಡ್ ನೋಡಿದಾಗ. ಅಂಗಡಿ ಫೀಡಿಗೆ ಚಿಟಿಕೆ ಅರಿಶಿನ ಉದುರಿಸಿ ‘ಆರ್ಗ್ಯಾನಿಕ್ ಚಿಕನ್’ ಅಂತ ಬರೆಸೋರಿದ್ದಾರೆ. ಆ ಫೀಡಿನಲ್ಲಿ ಮೊದಲೇ ಯಾವ ಔಷಧ ಸೇರಿದೆ ಅಂತ ಚೀಲದ ಚೀಟಿ ಓದಿದ್ದೀರಾ? ಆ ಮುಸುಕಿನ ಜೋಳ, ಆ ಸೋಯಾ ಬೆಳೆದವರು ಏನೇನು ಹೊಡೆದಿದ್ರು ಅಂತ ಗಿರಾಕಿ ಕೇಳಿದ್ರೆ ಏನು ಹೇಳ್ತೀರಿ?