ಹೊಳೆದಂಡೆಗೆ ಕಲ್ಲು ಸುಲಭ, ಗಿಡ ದುರ್ಲಭ

ಮಳೆಗಾಲ ಮುಗಿದು ನೀರು ಇಳಿದೊಡನೆ ಕಾರ್ಕಳ, ಹೆಬ್ರಿ, ಉಡುಪಿ, ಕಾಪು ತಾಲ್ಲೂಕುಗಳ ಹೊಳೆಬದಿಯ ಗ್ರಾಮಗಳಿಂದ ಒಂದೇ ಬೇಡಿಕೆ ಏಳುತ್ತದೆ: ದಂಡೆ ಕುಸಿದಿದೆ, ತಡೆಗೋಡೆ ಬೇಕು. ಬೇಡಿಕೆ ಮನವಿಯಾಗಿ, ಮನವಿ ಅಂದಾಜುಪಟ್ಟಿಯಾಗಿ, ಅಂದಾಜುಪಟ್ಟಿ ಶಂಕುಸ್ಥಾಪನೆಯ ಫಲಕವಾಗಿ ರೂಪಾಂತರಗೊಳ್ಳುವ ದಾರಿ ಎಲ್ಲರಿಗೂ ಪರಿಚಿತ. ಆದರೆ ಅದೇ ದಂಡೆಯ ಕುಸಿದ ಮಣ್ಣನ್ನು ಇಳಿಜಾರಾಗಿ ಸವರಿ, ಬುಡಕ್ಕೆ ಬಿದಿರಿನ ತಟ್ಟಿ ಕಟ್ಟಿ, ಹೊಳೆದಾಸವಾಳ, ಹೊಳೆಮತ್ತಿ, ಹೊಂಗೆ, ಕೇದಗೆಗಳನ್ನು ನೆಡುತ್ತೇವೆಂದು ಗ್ರಾಮಸ್ಥರು ಹೊರಟರೆ, ಅರ್ಜಿಯನ್ನು ಯಾವ ಕಚೇರಿಗೆ ಕೊಡಬೇಕೆಂಬುದೇ ತಿಳಿಯದು. ಹೊಳೆಯನ್ನು ಕಲ್ಲಿನ ಕಾಲುವೆಯಾಗಿಸಲು ಹಣವೂ ಇದೆ, ಅನುಮತಿಯೂ ಇದೆ. ಹೊಳೆಯನ್ನು ಹೊಳೆಯಾಗಿಯೇ ಉಳಿಸಲು ಎರಡೂ ಇಲ್ಲ. ಈ ವಿಪರ್ಯಾಸವನ್ನು ಇನ್ನು ಎಷ್ಟು ಮಳೆಗಾಲ ಸಹಿಸಬೇಕು?

ಹೊಳೆಯ ಒಡೆತನ ಎಷ್ಟು ಕಚೇರಿಗಳಲ್ಲಿ ಹಂಚಿಹೋಗಿದೆಯೆಂಬುದನ್ನು ಒಮ್ಮೆ ನೋಡಬೇಕು. ಹೊಳೆ ಪರಂಬೋಕು ಕಂದಾಯ ಇಲಾಖೆಯದು. ಕಿಂಡಿ ಅಣೆಕಟ್ಟು, ತಡೆಗೋಡೆಗಳು ಸಣ್ಣ ನೀರಾವರಿ ಇಲಾಖೆಯವು. ಪಾತ್ರದ ಮರಳು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಸ್ವತ್ತು, ಮರ ಅರಣ್ಯ ಇಲಾಖೆಯದು, ಮೀನು ಮೀನುಗಾರಿಕೆ ಇಲಾಖೆಯದು, ನೀರಿಗೆ ಸೇರುವ ಕೊಳಕು ಮಾಲಿನ್ಯ ನಿಯಂತ್ರಣ ಮಂಡಳಿಯದು. ಸಮುದ್ರದ ಉಬ್ಬರ ಮುಟ್ಟುವ ಎಡೆಯಿಂದ ಕೆಳಗೆ ಕರಾವಳಿ ನಿಯಂತ್ರಣ ವಲಯದ ನಿಯಮಗಳು ಬೇರೆ. ಮೇಲೆ ಸೋಮೇಶ್ವರ ಅಭಯಾರಣ್ಯ, ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ 1972ರ ವನ್ಯಜೀವಿ ಕಾಯ್ದೆ. ಇಷ್ಟೆಲ್ಲ ಯಜಮಾನರಿದ್ದರೂ ದಂಡೆಯ ಆರೋಗ್ಯಕ್ಕೆ ಹೊಣೆಗಾರನೊಬ್ಬನೂ ಇಲ್ಲ. ವರ್ಗ ಜಮೀನಿನ ಗಡಿಯಿಂದ ನೂರು ಗಜದೊಳಗಿನ ಸರಕಾರಿ ಭೂಮಿಯಿಂದ ಸೊಪ್ಪು, ಸೌದೆ ತರುವುದಕ್ಕೆ ಕುಮ್ಕಿಯೆಂಬ ಸವಲತ್ತನ್ನು ಮಾನ್ಯ ಮಾಡಿದ ಜಿಲ್ಲೆಯಿದು. ಸೊಪ್ಪು ಕಡಿಯಲು ಸವಲತ್ತಿರುವ ನಾಡಿನಲ್ಲಿ ಹೊಳೆಬದಿಗೆ ಸೊಪ್ಪಿನ ಗಿಡ ನೆಡಲು ಅಪ್ಪಣೆಯ ದಾರಿಯೊಂದು ಇಲ್ಲವೆಂದರೆ ನಗಬೇಕೋ ಅಳಬೇಕೋ ತಿಳಿಯದು.

ಕಾನೂನು ಅಡ್ಡಬರುತ್ತದೆಯೆಂಬ ಮಾತು ಕಚೇರಿಗಳಲ್ಲಿ ಸಾಮಾನ್ಯ. ಆದರೆ 1974ರ ಜಲಮಾಲಿನ್ಯ ನಿಯಂತ್ರಣ ಕಾಯ್ದೆಯ 24ನೆಯ ಕಲಮನ್ನು ಪೂರ್ತಿ ಓದಿದವರು ಹಾಗೆ ಹೇಳಲಾರರು. ಹೊಳೆಗೆ ವಿಷ, ಕೊಳಕು, ಹರಿವಿಗೆ ತಡೆಯಾಗುವ ವಸ್ತು ಹಾಕುವುದನ್ನು ನಿಷೇಧಿಸುವ ಆ ಕಲಮಿನ ಎರಡನೆಯ ಉಪಕಲಮು, ದಂಡೆಯನ್ನಾಗಲಿ ಪಾತ್ರವನ್ನಾಗಲಿ ಆಧರಿಸಲು, ದುರಸ್ತಿಗೊಳಿಸಲು, ರಕ್ಷಿಸಲು ವಸ್ತುಗಳನ್ನು ಇರಿಸುವುದು ಅಪರಾಧವಲ್ಲವೆಂದು ಹೇಳುತ್ತದೆ. ಆ ವಸ್ತು ಹೊಳೆಯನ್ನು ಮಲಿನಗೊಳಿಸುವಂಥದ್ದಾಗಿರಬಾರದು ಎಂಬುದೇ ಅಲ್ಲಿನ ಷರತ್ತು. ಮಣ್ಣು, ಬಿದಿರು, ಬೇರು ಈ ಷರತ್ತನ್ನು ಮೀರುತ್ತವೆಯೇ? ಈ ಒಂದು ವಾಕ್ಯ ಉಳಿದ ಕಾಯ್ದೆಗಳ ಬೀಗವನ್ನೆಲ್ಲ ತೆರೆಯದು, ನಿಜ. ಆದರೆ ದಂಡೆಯ ದುರಸ್ತಿಯೂ ದಂಡೆಯ ಧ್ವಂಸವೂ ಒಂದೇ ಅಲ್ಲವೆಂಬ ವಿವೇಕವನ್ನು ಸಂಸತ್ತು ಐವತ್ತು ವರ್ಷಗಳ ಹಿಂದೆಯೇ ತೋರಿಸಿತ್ತು.

ಈ ವಿವೇಕವನ್ನು ಆಡಳಿತದ ಕ್ರಮವಾಗಿಸಿದ ದೇಶಗಳಿವೆ. ಅಮೆರಿಕೆಯಲ್ಲಿ 1972ರ ಶುದ್ಧಜಲ ಕಾಯ್ದೆಯ ಪ್ರಕಾರ ಹೊಳೆಗೆ ಮಣ್ಣುಕಲ್ಲು ಹಾಕುವ ಕೆಲಸಕ್ಕೆ ಸಾಮಾನ್ಯವಾಗಿ ಪರವಾನಗಿ ಬೇಕು. ಆದರೆ ಜಲಜೀವಿಗಳ ನೆಲೆಯನ್ನು ಪುನರುಜ್ಜೀವನಗೊಳಿಸುವ ಕೆಲಸಗಳಿಗೆಂದೇ ಅಲ್ಲಿ 27ನೆಯ ಕ್ರಮಾಂಕದ ಸಾಮಾನ್ಯ ಪರವಾನಗಿಯೊಂದಿದೆ. ಕೆಲಸದಿಂದ ಹೊಳೆಯ ಸ್ಥಿತಿ ನಿವ್ವಳವಾಗಿ ಉತ್ತಮಗೊಳ್ಳಬೇಕೆಂಬುದು ಅದರ ಮೂಲ ಷರತ್ತು. ಟ್ರೌಟ್ ಮೀನಿನ ಹೊಳೆಗಳಲ್ಲಿ ಕುಸಿದ ದಂಡೆಗೆ ಗಿಡ ನೆಟ್ಟು ನೆರಳು ಮರಳಿಸುವ ಕಾರ್ಯಗಳು ಈ ದಾರಿಯಿಂದ ಸಾಗುತ್ತವೆ. ಆ ಟ್ರೌಟ್ ಮೀನನ್ನು ಬ್ರಿಟಿಷರು ತಮ್ಮ ಗಾಳದ ವಿನೋದಕ್ಕಾಗಿ ನೀಲಗಿರಿಗೆ ತಂದು ಬಿಟ್ಟರು. ತುಳುನಾಡಿನ ಹೊಳೆಗಳಿಗೆ ಆ ಪರದೇಶಿ ಮೀನು ಬೇಕಾಗಿಲ್ಲ. ತಂಪಾದ, ತಿಳಿಯಾದ, ಪ್ರಾಣವಾಯು ತುಂಬಿದ ನೀರನ್ನೇ ಬಯಸುವ ಮಹಶೀರ್ ಪಶ್ಚಿಮಘಟ್ಟದ ಹೊಳೆಗಳಲ್ಲಿಯೇ ಇದೆ. ಶೃಂಗೇರಿಯ ತುಂಗೆಯಲ್ಲಿಯೂ ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಕಪಿಲೆಯಲ್ಲಿಯೂ ಜನರು ಅದನ್ನು ದೇವರ ಮೀನೆಂದು ಕಾಯ್ದುಕೊಂಡಿದ್ದಾರೆ. 1996ರಲ್ಲಿ ದುಷ್ಕರ್ಮಿಗಳು ಶಿಶಿಲದ ಹೊಳೆಗೆ ವಿಷ ಹಾಕಿದಾಗ ಸಾವಿರಾರು ಮೀನುಗಳು ಸತ್ತವು. ಊರವರು ಅವುಗಳಿಗೊಂದು ಸ್ಮಾರಕವನ್ನೇ ಕಟ್ಟಿದರು. ಹೊಳೆಗೆ ವಿಷ ಹಾಕಿ, ಸಿಡಿಮದ್ದು ಸಿಡಿಸಿ ಮೀನು ಕೊಲ್ಲುವುದು 1897ರಿಂದಲೇ ಅಪರಾಧ. ಆದರೆ ಮೀನಿನ ಆವಾಸವನ್ನು ಕಾಂಕ್ರೀಟಿನಿಂದ ಮುಚ್ಚಿ ಕೊಲ್ಲುವುದು ಇಂದಿಗೂ ಅಭಿವೃದ್ಧಿ.

ಇದು ಭಾವುಕತೆಯ ಮಾತಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಪ್ರಾಣವಾಯು ಕಡಿಮೆಯಾಗುತ್ತದೆ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಪ್ರಾಣವಾಯುವನ್ನು ಹಿಡಿದಿಡಬಲ್ಲುದು. 30 ಡಿಗ್ರಿಗೆ ಏರಿದಾಗ ಅದು ಏಳೂವರೆಯ ಆಸುಪಾಸಿಗೆ ಇಳಿಯುತ್ತದೆ. ಸ್ನಾನಯೋಗ್ಯ ನೀರಿನಲ್ಲಿ ಕನಿಷ್ಠ 5 ಮಿಲಿಗ್ರಾಂ ಇರಬೇಕೆಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಅಂದರೆ ಏಪ್ರಿಲ್‌, ಮೇ ತಿಂಗಳಿನಲ್ಲಿ ಹರಿವು ನಿಂತು ಗುಂಡಿಗಳಲ್ಲಿ ಮಾತ್ರ ನೀರುಳಿದಾಗ, ಮೇಲೊಂದು ಮರದ ನೆರಳಿದೆಯೋ ಇಲ್ಲವೋ ಎಂಬುದರ ಮೇಲೆ ಆ ಗುಂಡಿಯ ಜೀವಗಳ ಉಳಿವು ನಿಂತಿರುತ್ತದೆ. ದಂಡೆಯ ಅತ್ತಿ, ನೇರಳೆಗಳಿಂದ ಬೀಳುವ ಹಣ್ಣು, ಹುಳುಗಳು ಮೀನಿಗೆ ಆಹಾರ. ನೀರಿಗೆ ಇಳಿದ ಬೇರಿನ ಸಂದುಗಳು ಮರಿಗಳಿಗೆ ಅಡಗುದಾಣ.

ಇನ್ನೊಂದು ಸಂಗತಿಯನ್ನು ತೋಟದವರು ಬಲ್ಲರು, ಹೇಳಲು ಮಾತ್ರ ಹಿಂಜರಿಯುತ್ತಾರೆ. ಅಡಕೆಯ ಕೊಳೆರೋಗಕ್ಕೆ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಮಳೆಗಾಲದಲ್ಲಿಯೇ ಸಿಂಪಡಿಸಬೇಕು. ಮೈಲುತುತ್ತದ ತಾಮ್ರ ಜಲಚರಗಳಿಗೆ ವಿಷ. ತೋಟಕ್ಕೂ ಹೊಳೆಗೂ ನಡುವೆ ಹತ್ತಿಪ್ಪತ್ತು ಅಡಿ ಅಗಲದ ಪೊದೆಪಟ್ಟಿ ಇದ್ದರೆ ತೊಳೆದು ಬರುವ ಮಣ್ಣು, ಗೊಬ್ಬರ, ತಾಮ್ರಗಳಲ್ಲಿ ಬಹುಪಾಲು ಅಲ್ಲಿಯೇ ತಂಗುತ್ತದೆ. ಪೊದೆ ಸವರಿ ಹೊಳೆಯಂಚಿನವರೆಗೂ ಅಡಕೆಯನ್ನೋ ರಬ್ಬರನ್ನೋ ತಂದು ನಿಲ್ಲಿಸಿದ ಮೇಲೆ ದಂಡೆ ಕುಸಿಯಿತೆಂದು ದೂರುವವರು, ದಂಡೆಯನ್ನು ಹಿಡಿದಿಟ್ಟಿದ್ದ ಬೇರನ್ನು ಕಿತ್ತವರು ಯಾರೆಂಬ ಪ್ರಶ್ನೆಯನ್ನೂ ಎದುರಿಸಬೇಕಾಗುತ್ತದೆ.

ತಡೆಗೋಡೆ ಎಲ್ಲಿಯೂ ಬೇಡವೆಂದು ಯಾರೂ ಹೇಳುತ್ತಿಲ್ಲ. ಸೇತುವೆಯ ಬುಡದಲ್ಲಿ, ಹೊಳೆಗೆ ತಾಗಿದ ಮನೆ, ದೈವಸ್ಥಾನಗಳ ಬಳಿ ಕಲ್ಲು ಬೇಕಾಗುತ್ತದೆ. ಆದರೆ ನೇರಕ್ಕೆ ನಿಂತ ಗೋಡೆ ನೀರಿನ ರಭಸವನ್ನು ಇಂಗಿಸುವುದಿಲ್ಲ, ದೂಡುತ್ತದೆ. ಈ ದಂಡೆಯ ಗೋಡೆ ಎದುರು ದಂಡೆಯ ಕುಸಿತವಾಗಿ, ಮೇಲಿನ ಊರಿನ ರಕ್ಷಣೆ ಕೆಳಗಿನ ಊರಿನ ಸಂಕಟವಾಗಿ ಪರಿಣಮಿಸುತ್ತದೆ. ಮುಂದಿನ ವರ್ಷ ಅಲ್ಲಿಯೂ ಗೋಡೆಯ ಬೇಡಿಕೆ ಏಳುತ್ತದೆ. ಗುತ್ತಿಗೆದಾರನಿಗೆ ಇದಕ್ಕಿಂತ ಅನುಕೂಲವಾದ ಪ್ರಕೃತಿನಿಯಮ ಇನ್ನೊಂದಿರಲಾರದು. ಗೋಡೆಯ ಹಿಂದಿನ ಗದ್ದೆಗೂ ಹೊಳೆಗೂ ಇದ್ದ ಒಸರಿನ ಸಂಬಂಧ ಕಡಿದುಹೋಗುವುದಂತೂ ಅಂದಾಜುಪಟ್ಟಿಯ ಯಾವ ಕಲಮಿನಲ್ಲಿಯೂ ಕಾಣಿಸದು.

ವರ್ಷಕ್ಕೆ 4000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಜಿಲ್ಲೆಯಲ್ಲಿ 2019ರ ಮೇ ತಿಂಗಳಲ್ಲಿ ಏನಾಯಿತೆಂಬುದನ್ನು ಉಡುಪಿ, ಮಣಿಪಾಲದ ಜನ ಮರೆತಿರಲಿಕ್ಕಿಲ್ಲ. ನಗರಕ್ಕೆ ನೀರುಣಿಸುವ ಬಜೆ ಅಣೆಕಟ್ಟೆಯಲ್ಲಿ ಸ್ವರ್ಣೆ ತಳಮುಟ್ಟಿದಳು. ಹೊಳೆಯ ಗುಂಡಿಗಳಲ್ಲಿ ಉಳಿದಿದ್ದ ನೀರನ್ನು ಪಂಪುಗಳಿಂದ ಎತ್ತಿ ಅಣೆಕಟ್ಟೆಗೆ ಹರಿಸಬೇಕಾಯಿತು. ಮುಂದಿನ ವರ್ಷವೇ, 2020ರ ಸೆಪ್ಟೆಂಬರ್ 20ರಂದು, ಅದೇ ಉಡುಪಿ ನಗರದ ತಗ್ಗುಪ್ರದೇಶಗಳು ನೆರೆಯಲ್ಲಿ ಮುಳುಗಿದವು. ಹದಿನಾರು ತಿಂಗಳ ಅಂತರದಲ್ಲಿ ಬರವನ್ನೂ ಪ್ರಳಯವನ್ನೂ ಕಂಡ ಊರು ತನ್ನ ಹೊಳೆಗಳನ್ನು ಹೇಗೆ ನಡೆಸಿಕೊಂಡಿದೆಯೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ಇಂದ್ರಾಳಿಯಲ್ಲಿ ತೀರ್ಥವಾಗಿ ಹುಟ್ಟುವ ಇಂದ್ರಾಣಿ ಕಲ್ಸಂಕ, ನಿಟ್ಟೂರು ದಾಟುವಷ್ಟರಲ್ಲಿ ಇಕ್ಕೆಲಗಳಲ್ಲಿ ಗೋಡೆ ಹೊತ್ತ ಚರಂಡಿಯಾಗುತ್ತಾಳೆ. ಊರಿನ ಕೊಳಚೆಯನ್ನು ಹೊತ್ತು ಕೊಡವೂರಿನ ಕಡೆಗೆ ಸಾಗುವ ಆ ನೀರಿನಿಂದ ಬದಿಯ ಬಾವಿಗಳೂ ಕೆಟ್ಟವು. ಇಂದ್ರಾಣಿಯ ರೋಗಕ್ಕೆ ಗಿಡ ನೆಡುವುದೊಂದೇ ಮದ್ದಲ್ಲ, ಮೊದಲು ಕೊಳಚೆ ನಿಲ್ಲಬೇಕು. ಆದರೆ ಗೋಡೆ ಕಟ್ಟಿದ ಹೊಳೆಯನ್ನು ಚರಂಡಿಯೆಂದು ಭಾವಿಸುವುದು ಎಲ್ಲರಿಗೂ ಎಷ್ಟು ಸಹಜವಾಯಿತೆಂಬುದಕ್ಕೆ ಆಕೆ ಸಾಕ್ಷಿ. ಇಂದು ಮಾಳದ ಕೆಳಗೆ, ಎಣ್ಣೆಹೊಳೆಯ ಬದಿಯಲ್ಲಿ ಗೋಡೆ ಕೇಳುವವರು ಒಮ್ಮೆ ಕಲ್ಸಂಕದ ಸೇತುವೆಯ ಮೇಲೆ ನಿಂತು ಕೆಳಗೆ ನೋಡಿ ಬರುವುದು ಒಳ್ಳೆಯದು.

ಕಾಪು ತಾಲ್ಲೂಕಿನ ಕಡೆ ಪ್ರಶ್ನೆಯ ರೂಪ ಬೇರೆ. ಉದ್ಯಾವರದ ಪಾಪನಾಶಿನಿ ಹೊಳೆಯ ಅಳಿವೆಭಾಗದಲ್ಲಿ, ಮಟ್ಟು, ಕೈಪುಂಜಾಲಿನ ಗದ್ದೆಗಳಿಗೆ ಉಪ್ಪುನೀರೇ ಶತ್ರು. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಮಟ್ಟುಗುಳ್ಳವೂ ಈ ಹೋರಾಟದ ನಡುವೆಯೇ ಬೆಳೆಯಬೇಕು. ಇಲ್ಲಿ ದಂಡೆಯನ್ನು ಹಿಡಿಯಬಲ್ಲ ಗಿಡ ಕಾಂಡ್ಲಾ. ಅದರ ಬೇರಿನ ಬಲೆ ಅಲೆಯ ಪೆಟ್ಟನ್ನು ಕುಗ್ಗಿಸುತ್ತದೆ, ಕೆಸರನ್ನು ನಿಲ್ಲಿಸುತ್ತದೆ, ಸಿಗಡಿ, ಏಡಿ, ಮೀನಿನ ಮರಿಗಳನ್ನು ಸಾಕುತ್ತದೆ. 2011ರ ಮತ್ತು 2019ರ ಕರಾವಳಿ ನಿಯಂತ್ರಣ ವಲಯ ಅಧಿಸೂಚನೆಗಳೆರಡೂ ಕಾಂಡ್ಲಾವನವನ್ನು ಅತ್ಯಂತ ರಕ್ಷಣೀಯವೆಂದು ಗುರುತಿಸಿವೆ. ವರ್ಷದ ಅತ್ಯಂತ ಒಣ ಕಾಲದಲ್ಲಿ ಸಾವಿರ ಭಾಗ ನೀರಿಗೆ 5 ಭಾಗ ಉಪ್ಪು ಇರುವ ಎಡೆಯವರೆಗೂ ಹೊಳೆದಂಡೆ ಈ ನಿಯಮಕ್ಕೆ ಒಳಪಡುತ್ತದೆ. ವಿಚಿತ್ರವೆಂದರೆ, 2011ರಲ್ಲಿ ಹೊಳೆಬದಿಗೆ 100 ಮೀಟರಿನವರೆಗೆ ಇದ್ದ ರಕ್ಷಣಾಪಟ್ಟಿಯನ್ನು 2019ರಲ್ಲಿ 50 ಮೀಟರಿಗೆ ಇಳಿಸಲಾಯಿತು. ಕಟ್ಟಡಗಳಿಗೆ ದಾರಿ ಸಲೀಸಾಯಿತು. ಕಾಂಡ್ಲಾ ನೆಡಲು ಹೊರಟ ಗ್ರಾಮದ ದಾರಿ ಅಷ್ಟೇ ಸಲೀಸಾಯಿತೇ?

ಅನುಮತಿ ಸಡಿಲಿಸಬೇಕೆಂಬ ಮಾತಿಗೆ ಅಧಿಕಾರಿಗಳಿಂದ ಬರುವ ಒಂದು ಆಕ್ಷೇಪವನ್ನು ಮಾತ್ರ ತಳ್ಳಿಹಾಕುವಂತಿಲ್ಲ. ದಂಡೆಯ ದುರಸ್ತಿಯ ಹೆಸರಿನಲ್ಲಿ ಮರಳು ಸಾಗಿಸುವವರು ನುಗ್ಗುತ್ತಾರೆ ಎಂಬುದು ಆ ಆಕ್ಷೇಪ. ಹೂಳು ಎಂಬ ಪದದ ಅಡಿಯಲ್ಲಿ ಮರಳು ಎಷ್ಟು ಲಾರಿ ಏರಿದೆಯೆಂದು ಹೊಳೆಬದಿಯವರಿಗೆ ಹೇಳಿಕೊಡಬೇಕಾಗಿಲ್ಲ. ಮರಳು ತೆಗೆದಷ್ಟೂ ಪಾತ್ರ ತಗ್ಗಾಗುತ್ತದೆ, ದಂಡೆಯ ಬುಡ ಕಳಚುತ್ತದೆ, ಬಾವಿಯ ನೀರು ಇಳಿಯುತ್ತದೆ, ಉಪ್ಪು ಮೇಲಕ್ಕೆ ಏರುತ್ತದೆ. ಕುಸಿದ ದಂಡೆಗಳಲ್ಲಿ ಹಲವು ಈ ಕಾರಣದಿಂದಲೇ ಕುಸಿದವು. ಆದರೆ ಭಯಕ್ಕೆ ಉತ್ತರ ನಿಷೇಧವಲ್ಲ, ವಿಂಗಡಣೆ. ಒಂದು ಬುಟ್ಟಿ ಮರಳೂ ಹೊಳೆಯಿಂದ ಹೊರಗೆ ಹೋಗಕೂಡದು, ಪಾತ್ರಕ್ಕೆ ಯಂತ್ರ ಇಳಿಯಕೂಡದು, ನೆಡುವುದು ಅದೇ ಹೊಳೆಯ ದಂಡೆಯ ಜಾತಿಗಳೇ ಆಗಿರಬೇಕು, ಅಕೇಶಿಯಾ ಅಲ್ಲ. ನೆಟ್ಟ ಜಾಗದ ಮೇಲೆ ಯಾರಿಗೂ ಹಕ್ಕು ಹುಟ್ಟಕೂಡದು. ಇಷ್ಟು ಷರತ್ತಿಗೆ ಒಪ್ಪುವ ಕೆಲಸದಲ್ಲಿ ಮರಳುಗಳ್ಳನಿಗೆ ಲಾಭವೇನಿದೆ? ಲಾಭವಿಲ್ಲದ ಕಡೆ ಅವನು ಬರುವವನಲ್ಲ. ದಂಡೆಯನ್ನು ತೋಟಕ್ಕೆ ಸೇರಿಸಿಕೊಳ್ಳುವ ಹುನ್ನಾರಕ್ಕೂ ಕೊನೆಯ ಷರತ್ತೇ ಬೇಲಿ.

ಹೊಸ ಪ್ರಾಧಿಕಾರವೊಂದನ್ನು ಕಟ್ಟಿ ಹೊಸ ಕುರ್ಚಿ ಹಾಕಬೇಕಾಗಿಯೂ ಇಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜೀವವೈವಿಧ್ಯ ದಾಖಲಾತಿ ಪುಸ್ತಕವೂ ಇರಬೇಕು. ಬಹುತೇಕ ಕಡೆ ಈ ಸಮಿತಿ ಕಾಗದದ ಮೇಲಿನ ಸಮಿತಿ. ಅದಕ್ಕೆ ಒಂದು ನಿಜವಾದ ಕೆಲಸ ಕೊಡಲಿ. ಗ್ರಾಮಸ್ಥರ ದಂಡೆ ಪುನಶ್ಚೇತನದ ಅರ್ಜಿ ಸಮಿತಿಗೆ ಬರಲಿ, ಸಮಿತಿ ಸ್ಥಳ ನೋಡಿ ಶಿಫಾರಸು ಮಾಡಲಿ, ತಹಶೀಲ್ದಾರರು 30 ದಿನಗಳೊಳಗೆ ಕಾರಣ ಕೊಟ್ಟು ತಿರಸ್ಕರಿಸದಿದ್ದರೆ ಅನುಮತಿ ದೊರೆತಂತೆಯೇ ಎಂದು ಜಿಲ್ಲಾಡಳಿತ ಆದೇಶ ಹೊರಡಿಸಲಿ. ಅಭಯಾರಣ್ಯ ಮತ್ತು ಕರಾವಳಿ ವಲಯದ ಭಾಗಗಳಿಗೆ ಆಯಾ ಕಾಯ್ದೆಯ ಪ್ರಕಾರವೇ ನಡೆಯಬೇಕಾದರೂ, ಅರ್ಜಿಯನ್ನು ಮೇಜಿನಿಂದ ಮೇಜಿಗೆ ಹೊರುವ ಹೊಣೆ ಇಲಾಖೆಯದಾಗಲಿ, ಕೂಲಿ ಬಿಟ್ಟು ಬರುವ ಹಳ್ಳಿಯವನದಲ್ಲ. ಇತ್ತ ತಡೆಗೋಡೆಯ ಪ್ರತಿಯೊಂದು ಪ್ರಸ್ತಾವವೂ ಇದೇ ಸಮಿತಿಯ ಮುಂದೆ ಬಂದು, ಇಲ್ಲಿ ಗಿಡ ಏಕೆ ಸಾಲದು ಎಂಬ ಪ್ರಶ್ನೆಗೆ ಲಿಖಿತ ಉತ್ತರ ಕೊಡಲಿ.

ಊರು ಸೇರಿ ಹೊಳೆಯ ಕೆಲಸ ಮಾಡುವುದು ಈ ಸೀಮೆಗೆ ಹೊಸತೇನಲ್ಲ. ಮಳೆ ನಿಂತ ಮೇಲೆ ಕಲ್ಲು, ಮಣ್ಣು, ಸೊಪ್ಪಿನಿಂದ ಕಟ್ಟ ಕಟ್ಟಿ ಸುಗ್ಗಿಗೆ ನೀರು ನಿಲ್ಲಿಸುವ, ಮುಂದಿನ ಮಳೆಗೆ ಅದನ್ನು ಹೊಳೆಗೇ ಬಿಟ್ಟುಕೊಡುವ ರೂಢಿ ತಲೆಮಾರುಗಳಿಂದ ಬಂದದ್ದು. ಕಾಸರಗೋಡಿನ ಏತಡ್ಕದಂಥ ಊರುಗಳು ಅದನ್ನು ಉಳಿಸಿಕೊಂಡು ತೋರಿಸಿವೆ. ಆ ಕಟ್ಟಗಳು ಮೊದಲ ಮಳೆಗೆ ಮೇಲೇರುವ ಹತ್ತುಮೀನಿಗೆ ಅಡ್ಡಬರುತ್ತಿರಲಿಲ್ಲ. ಇಂದಿನ ಕಿಂಡಿ ಅಣೆಕಟ್ಟಿನ ಹಲಗೆಗಳನ್ನು ಮೇ ಕೊನೆಗೆ ಸರಿಯಾಗಿ ತೆಗೆಯದಿದ್ದರೆ ಮೀನು ಗೋಡೆಗೆ ತಲೆ ಬಡಿದುಕೊಂಡು ಕೆಳಗೇ ಉಳಿಯುತ್ತದೆ. ನೆರೆಯ ನೀರು ಹಲಗೆಗೆ ಬಡಿದು ಬದಿಯ ದಂಡೆಯನ್ನು ಕೊರೆಯುತ್ತದೆ.

ವಿದ್ಯಾರ್ಥಿಗಳಿಗೆ ಇಲ್ಲಿ ಕೆಲಸವಿದೆ. ಮಣಿಪಾಲದ ಎಂಡ್ ಪಾಯಿಂಟಿನಲ್ಲಿ ನಿಂತರೆ ಕೆಳಗೆ ಸ್ವರ್ಣೆ ಕಾಣುತ್ತಾಳೆ; ಚಿತ್ರ ತೆಗೆದು ಹಿಂದಿರುಗುವುದಷ್ಟೇ ಆಗಬಾರದು. ಒಂದು ಉಷ್ಣಮಾಪಕ, ಪ್ರಾಣವಾಯು ಅಳೆಯುವ ಸಾಮಾನ್ಯ ಪರೀಕ್ಷಾ ಪೆಟ್ಟಿಗೆ, ಒಂದು ನೋಟ್‌ಬುಕ್ ಸಾಕು. ಮರವಿರುವ ದಂಡೆಯ ಗುಂಡಿಯಲ್ಲಿಯೂ ಗೋಡೆಯ ಬದಿಯ ಗುಂಡಿಯಲ್ಲಿಯೂ ಜನವರಿಯಿಂದ ಮೇವರೆಗೆ ವಾರಕ್ಕೊಮ್ಮೆ ಮಧ್ಯಾಹ್ನ ಅಳೆದು ಬರೆದಿಡಲಿ. ತಮ್ಮ ಗ್ರಾಮದ ತಡೆಗೋಡೆಗೆ ಯಾವ ಸಮೀಕ್ಷೆಯ ಆಧಾರವಿತ್ತು, ಎಷ್ಟು ವೆಚ್ಚವಾಯಿತು, ಎಷ್ಟು ಮರ ಹೋಯಿತು ಎಂಬುದನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ತೆತ್ತು ಕೇಳಲಿ. ಆ ಅಂಕೆಗಳನ್ನೂ ಆ ಉತ್ತರವನ್ನೂ ಮುಂದಿನ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ, ನಡಾವಳಿ ಪುಸ್ತಕದಲ್ಲಿ ಬರೆಸಲಿ. ಕಾಮಗಾರಿಗಳ ಪಟ್ಟಿ ಅಂತಿಮವಾಗುವ ಮೊದಲೇ ಇದು ಆಗಬೇಕು. ಜೂನ್ ಬಂದ ಮೇಲೆ ಗಿಡ ನೆಡಬಹುದೇ ಹೊರತು ಗೋಡೆಯನ್ನು ತಡೆಯಲಾಗದು.