ಮುದುಕರಿಗೂ ಪ್ರೀತಿಯೇ? ಹೌದು ಸ್ವಾಮಿ!

ಹಾಂಕಾಂಗ್‌ನವರ ಕ್ಯಾಂಟನೀಸ್ ಮಾತಿನಲ್ಲಿ ‘ಸುಕ್ ಸುಕ್’ ಅಂದರೆ ಚಿಕ್ಕಪ್ಪ. ನಿರ್ದೇಶಕ ರೇ ಯುಂಗ್ 2019ರಲ್ಲಿ ಇದೇ ಹೆಸರಿನ ಚಿತ್ರ ತೆಗೆದರು. ಪಾಕ್ ಎಂಬಾತ ಎಪ್ಪತ್ತರ ಟ್ಯಾಕ್ಸಿ ಡ್ರೈವರ್. ಹೆಂಡತಿ, ಮಕ್ಕಳು, ಮೊಮ್ಮಗು ಇರುವ ಸಂಸಾರಸ್ಥ. ಹೋಯ್ ಎಂಬಾತ ಅರವತ್ತೈದರ ನಿವೃತ್ತ. ಒಬ್ಬಂಟಿಯಾಗಿ ಮಗನನ್ನು ಸಾಕಿ ಈಗ ಅವನ ಸಂಸಾರದ ಜತೆ ಇರುವವ. ಪಾರ್ಕಿನಲ್ಲಿ ಭೇಟಿಯಾದ ಈ ಇಬ್ಬರು ಗಂಡಸರ ನಡುವೆ ಪ್ರೀತಿ ಬೆಳೆಯುತ್ತದೆ.

“ಈ ವಯಸ್ಸಿನಲ್ಲಿ ಇದೇನ್ರೀ? ರಾಮಾ ಕೃಷ್ಣಾ ಅಂತ ಮೂಲೇಲಿ ಕೂತಿರಬಾರದೆ?” ಅನ್ನುವವರು ಎಲ್ಲಾ ಊರಲ್ಲೂ ಉಂಟು. ಅಲ್ಲಾ ಸ್ವಾಮಿ, ಪ್ರಾಯದಲ್ಲಿ ಅವರನ್ನು ಬಿಟ್ಟವರ್ಯಾರು? ಬ್ರಿಟಿಷರ ಕಾನೂನಿನಂತೆ ಹಾಂಕಾಂಗ್‌ನಲ್ಲಿ ಗಂಡಸರಿಬ್ಬರ ಕೂಟ 1991ರವರೆಗೂ ಅಪರಾಧ. ಅದೇ ಬ್ರಿಟಿಷರು 1860ರಲ್ಲಿ ಭಾರತಕ್ಕೆ ಬಿಗಿದ 377ನೇ ಕಲಮಿನ ಗಂಟನ್ನು ಸುಪ್ರೀಂ ಕೋರ್ಟು ಸಡಿಲಿಸಿದ್ದು 2018ರಲ್ಲಿ. ಜೈಲಿನ ಹೆದರಿಕೆಯಲ್ಲೇ ಯೌವನ ಕಳೆದವನಿಗೆ ಮುಪ್ಪಿನಲ್ಲಲ್ಲದೆ ಇನ್ಯಾವಾಗ ಧೈರ್ಯ ಬಂದೀತು?

ಹಾಗಾದರೆ ಪಾಕನ ಹೆಂಡತಿಯ ಗತಿ? ನ್ಯಾಯವಾದ ಪ್ರಶ್ನೆಯೇ. ಅವಳಿಗೆ ಆದದ್ದು ಅನ್ಯಾಯ, ಅನುಮಾನ ಬೇಡ. ಆದರೆ ಇಂಥ ಮದುವೆಗಳ ಬೇರು ಎಲ್ಲಿದೆ? “ಮದುವೆಯೊಂದು ಮಾಡಿಬಿಟ್ರೆ ಹುಡುಗ ಸರಿಹೋಗ್ತಾನೆ” ಅನ್ನುವ ಹಿರಿಯರ ಬುದ್ಧಿವಂತಿಕೆಯಲ್ಲಿ! ಹುಡುಗ ಸರಿಹೋಗುವುದಿಲ್ಲ, ಏನೂ ಅರಿಯದ ಹೆಣ್ಣೊಬ್ಬಳ ಬಾಳು ಜತೆಗೆ ಹೋಗುತ್ತದೆ, ಅಷ್ಟೆ.

ಚಿತ್ರದಲ್ಲಿ ಇನ್ನೊಂದು ಎಳೆ ಇದೆ. ಇಂಥ ವೃದ್ಧರಿಗೆಂದೇ ವೃದ್ಧಾಶ್ರಮ ಬೇಕೆಂದು ಕೆಲವರು ಕೇಳುತ್ತಾರೆ. ಜನ್ಮವೆಲ್ಲಾ ಬಚ್ಚಿಟ್ಟುಕೊಂಡು ಬಾಳಿದವರು ಹಾಸಿಗೆ ಹಿಡಿದ ಮೇಲೂ ಪಕ್ಕದ ಮಂಚದವನಿಗೆ ಹೆದರಬೇಕೇ? ಆದರೆ ನಾಲ್ಕು ಜನರೆದುರು ಮುಖ ತೋರಿಸಿ ಅಹವಾಲು ಹೇಳುವುದೇ ಅವರಿಗೆ ದೊಡ್ಡ ಪರೀಕ್ಷೆ.

ಪಾಕ್ ಪಾತ್ರದ ತೈ ಬೋ ಅವರಿಗೆ 2020ರಲ್ಲಿ ಹಾಂಕಾಂಗ್ ಚಲನಚಿತ್ರ ಪ್ರಶಸ್ತಿ ಬಂತು. ಚಪ್ಪಾಳೆಯೇನೋ ಬಿತ್ತು. ಹಕ್ಕು? ಸಲಿಂಗಿ ಜೋಡಿಗಳಿಗೆ ಕಾನೂನಿನ ಮಾನ್ಯತೆಗೆ ದಾರಿ ಮಾಡಿ ಎಂದು ಅಲ್ಲಿನ ಅಂತಿಮ ನ್ಯಾಯಾಲಯ 2023ರಲ್ಲಿ ಹೇಳಿತು. ಸರ್ಕಾರ ತಂದ ನೋಂದಣಿ ಮಸೂದೆಯನ್ನು 2025ರಲ್ಲಿ ಶಾಸನಸಭೆಯೇ ಬೀಳಿಸಿತು.

ತೆರೆಯ ಮೇಲಿನ ಮುದುಕರಿಗೆ ಕಣ್ಣೀರು ಹಾಕುವುದು ಸುಲಭ. ಸ್ವಂತ ಚಿಕ್ಕಪ್ಪ ಬಾಯಿಬಿಟ್ಟು ಹೇಳಿದ ದಿನ ಅವರಿಗೊಂದು ಲೋಟ ಕಾಫಿ ಕೊಟ್ಟು ಕೂರಿಸುವ ಮನೆಗಳು ಎಷ್ಟಿವೆ?