ಒಪ್ಪಿಗೆ ಪುಟಕ್ಕೋ, ಬರಹಕ್ಕೋ?

ಧುಪದಾಳದಲ್ಲಿ ಬೋಧನಾಭ್ಯಾಸ ಮಾಡುವಾಗ ಒಂಬತ್ತನೆಯ ತರಗತಿಯ ಮಕ್ಕಳನ್ನು ಕಟ್ಟಿಕೊಂಡು ಊರಿನ ಅಣೆಕಟ್ಟು ಮತ್ತು ಘಟಪ್ರಭಾ ಪಕ್ಷಿಧಾಮದ ಬಗ್ಗೆ ಒಂದು ಜಾಲತಾಣ ಮಾಡಿದೆ. ನಿಯಮ ಸರಳ: ವಿದ್ಯಾರ್ಥಿ ಬರೆಯಬೇಕು, ನನಗೆ ಸಲ್ಲಿಸಬೇಕು, ನಾನು ಒಪ್ಪಿದರೆ ಪುಟ ಪ್ರಕಟ. ಎರಡನೆಯ ವಾರ ಒಬ್ಬ ಹುಡುಗಿ ಬಂದು, “ಮೇಡಂ, ನಾ ಬರದದ್ದು ಅಲ್ಲಿ ಇಲ್ಲರಿ. ನನ್ನ ಹೆಸರು ಅಷ್ಟ ಐತಿ” ಅಂದಳು. ನಾನು ಒಪ್ಪಿದ ಮೇಲೆ ಸಹಪಾಠಿಯೊಬ್ಬ ಅದನ್ನು ತಿದ್ದಿದ್ದ. ‘ಶಿಕ್ಷಕರು ಒಪ್ಪಿದ್ದಾರೆ’ ಎಂಬ ಗುರುತು ಮಾತ್ರ ಹಾಗೇ ಇತ್ತು. ಹುಡುಗನನ್ನು ಗದರಿದೆ. ತಪ್ಪು ಅವನದಲ್ಲ, ನನ್ನ ನಿಯಮದ್ದು ಎಂದು ಹೊಳೆದದ್ದು ಆಮೇಲೆ.

ಇಂಥ ತಪ್ಪನ್ನು ಮೊದಲೇ ಹಿಡಿಯಲು ಕಂಪ್ಯೂಟರ್ ವಿಜ್ಞಾನದಲ್ಲಿ ಔಪಚಾರಿಕ ವಿಧಾನಗಳಿವೆ. ವ್ಯವಸ್ಥೆ ಯಾವ ಯಾವ ಸ್ಥಿತಿಯಲ್ಲಿರಬಹುದು, ಯಾವ ಕ್ರಿಯೆಯಿಂದ ಯಾವ ಸ್ಥಿತಿಗೆ ಹೋಗುತ್ತದೆ, ಏನು ಎಂದೂ ಆಗಕೂಡದು ಎಂಬುದನ್ನು ಗಣಿತದ ಭಾಷೆಯಲ್ಲಿ ಬರೆದು ಪರೀಕ್ಷಿಸುತ್ತಾರೆ. ಲೆಸ್ಲಿ ಲ್ಯಾಂಪೋರ್ಟ್ ಅವರ ಟಿಎಲ್‌ಎ ಪ್ಲಸ್ ಇದಕ್ಕೆಂದೇ ಇರುವ ಭಾಷೆ. ಇದು ಅತಿಯಾದ ಎಚ್ಚರವಲ್ಲ. ಹಲವರು ಏಕಕಾಲಕ್ಕೆ ಒಂದೇ ಬರಹ ತಿದ್ದುವ ವಿಧಾನವನ್ನು ಎಲ್ಲಿಸ್ ಮತ್ತು ಗಿಬ್ಸ್ 1989ರಲ್ಲಿ ಪ್ರಕಟಿಸಿದರು. ತಿದ್ದುಪಡಿಗಳು ಕೆಲವು ಸರದಿಯಲ್ಲಿ ಬಂದರೆ ಒಬ್ಬೊಬ್ಬರ ಪರದೆಯಲ್ಲಿ ಒಂದೊಂದು ಬರಹ ಉಳಿಯುತ್ತದೆ ಎಂದು ನಂತರದ ಸಂಶೋಧಕರು ತೋರಿಸಿದರು. ತಜ್ಞರೇ ಎಡವಿದ ಜಾಗವಿದು.

ನಮಗೆ ಕರಿಹಲಗೆ ಸಾಕಾಯಿತು. ಕರಡು, ಪರಿಶೀಲನೆ, ಪ್ರಕಟ ಎಂಬ 3 ಸ್ಥಿತಿ. ತಿದ್ದು, ಸಲ್ಲಿಸು, ಒಪ್ಪು ಎಂಬ 3 ಕ್ರಿಯೆ. ವಿದ್ಯಾರ್ಥಿ, ಶಿಕ್ಷಕಿ ಎಂಬ 2 ಪಾತ್ರ. ಒಟ್ಟು 18 ಮನೆಗಳ ಕೋಷ್ಟಕ. ಪ್ರತಿ ಮನೆಯಲ್ಲೂ ಏನಾಗಬೇಕೆಂದು ಮಕ್ಕಳೇ ತುಂಬಿದರು. ‘ಪ್ರಕಟವಾದ ಪುಟವನ್ನು ವಿದ್ಯಾರ್ಥಿ ತಿದ್ದಿದರೆ?’ ಎಂಬ ಮನೆಗೆ ನನ್ನ ನಿಯಮದಲ್ಲಿ ಉತ್ತರವೇ ಇರಲಿಲ್ಲ. ಚರ್ಚಿಸಿ, ಒಪ್ಪಿಗೆ ಪುಟಕ್ಕಲ್ಲ, ಆ ಆವೃತ್ತಿಗೆ ಮಾತ್ರ ಎಂದು ತೀರ್ಮಾನಿಸಿದೆವು. ತಿದ್ದಿದರೆ ತಿದ್ದಿದವರ ಹೆಸರಿನಲ್ಲಿ ಹೊಸ ಕರಡು. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದ ‘ಇತಿಹಾಸ’ ಪುಟದಲ್ಲೂ ಪ್ರತಿ ತಿದ್ದುಪಡಿ, ಮಾಡಿದವರ ಗುರುತಿನೊಂದಿಗೆ ಉಳಿದಿರುತ್ತದೆ. ಜರ್ಮನ್ ವಿಕಿಪೀಡಿಯದಲ್ಲಿ 2008ರಿಂದ ಪರಿಶೀಲನೆಯ ಗುರುತು ಬೀಳುವುದು ಆವೃತ್ತಿಗೇ.

ಪಾಠ ಮುಗಿಸಲೇ ಸಮಯವಿಲ್ಲ, ಇದೆಲ್ಲಿ ಎಂದು ಗೆಳತಿಯರು ಕೇಳುತ್ತಾರೆ. ಕೋಷ್ಟಕಕ್ಕೆ ಹಿಡಿದದ್ದು ಒಂದು ಅವಧಿ. ಮುರಿದ ಮನಸ್ಸು ಸರಿಪಡಿಸಲು ಒಂದು ವಾರ ಹಿಡಿದಿತ್ತು. ಕೋಷ್ಟಕ ಎಲ್ಲವನ್ನೂ ಹೇಳುವುದಿಲ್ಲ ಎಂಬುದೂ ನಿಜ. ಯಾವುದು ನ್ಯಾಯ ಎಂದು ಅದಕ್ಕೆ ಗೊತ್ತಿಲ್ಲ. ‘ಬರೆಯದ್ದರ ಮೇಲೆ ಯಾರ ಹೆಸರೂ ಇರಕೂಡದು’ ಎಂಬ ನಿಯಮ ಬಂದದ್ದು ಆ ಹುಡುಗಿಯ ದೂರಿನಿಂದ. ಆದರೆ ನಿಯಮ ಎಲ್ಲೆಲ್ಲಿ ಮುರಿಯುತ್ತದೆ ಎಂದು ತೋರಿಸಿದ್ದು ಕೋಷ್ಟಕವೇ.

ನಮಗೆ ಜಾಲತಾಣ ತೆರೆಯುವುದನ್ನು ಕಲಿಸುತ್ತಾರೆ. ಅದರ ನಿಯಮವನ್ನು ಪರೀಕ್ಷಿಸುವುದನ್ನೂ ಕಲಿಸಲಿ. ಗುಂಪು ಚಟುವಟಿಕೆಯ ಪಾಠಯೋಜನೆಯಲ್ಲಿ ‘ಏನು ಆಗಕೂಡದು?’ ಎಂಬ ಒಂದು ಅಂಕಣ ಇರಲಿ ಎಂದು ಮಾರ್ಗದರ್ಶಕರಲ್ಲಿ ನನ್ನ ವಿನಂತಿ. ಅದು ಇದ್ದಿದ್ದರೆ ನಾನು ಆ ಹುಡುಗನನ್ನು ಗದರುತ್ತಿರಲಿಲ್ಲ.